ಹೊರಗಿನಿಂದ ಹಾಕುವ ಕೊಂಡಿ

೨೦೧೨ನೆಯ ಇಸವಿ ಆಗಸ್ಟ್ ೯, ಗುರುವಾರ. ಮಳೆಗಾಲದ ನಡುಭಾಗ. ಬೆಳಗಿನಿಂದ ಜಿನುಗುತ್ತಿದ್ದ ಮಳೆ ಹನ್ನೊಂದು ಗಂಟೆಗೆ ನಿಂತು, ಗಾಳಿಯಾಡದ ಸೆಕೆ ಶುರುವಾಗಿತ್ತು. ಕಾಲೇಜಿನ ಹಿಂಬಾಗಿಲಿಗೆ ಎದುರಾದ ಬೀದಿಯಲ್ಲಿ, ಸೈಕಲ್ ಅಂಗಡಿಗೂ ಇಸ್ತ್ರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಎಂಟಡಿ ಅಗಲದ ಕೋಣೆಯಲ್ಲಿ ನಂಬರಕ್ಕ ಹೊಲಿಗೆ ಯಂತ್ರದ ಮುಂದೆ ಕುಳಿತು ಜೆರ್ಸಿಯೊಂದರ ಬೆನ್ನಿಗೆ ಹದಿನಾರನೆಯ ಅಂಕಿಯನ್ನು ಕೂರಿಸುತ್ತಿದ್ದಳು.

ಆಕೆಗೆ ಆ ಹೆಸರು ಬಂದದ್ದು ಈ ಕೆಲಸದಿಂದಲೇ. ೧೯೯೦ರ ಜೂನ್ ತಿಂಗಳಿನಿಂದ ಕಾಲೇಜಿನ ಎಲ್ಲ ತಂಡಗಳ ಬೆನ್ನಿಗೂ ಅಂಕಿ ಹೊಲಿದವಳು ಆಕೆ. ಆಕೆ ಹಾಕಿದ ಹೊಲಿಗೆ ಬಿಚ್ಚಿದ್ದನ್ನು ಕಂಡವರಿಲ್ಲ. ಆ ಹೆಮ್ಮೆ ಆಕೆಗೆ ತುಸು ಹೆಚ್ಚಾಗಿಯೇ ಇತ್ತು.

ಅಂದು ಮಧ್ಯಾಹ್ನ ಹನ್ನೆರಡೂಕಾಲಿಗೆ ಮಹಿಳಾ ಹಾಕಿ ತಂಡದ ನಾಯಕಿ ಇಬ್ಬರು ಗೆಳತಿಯರೊಂದಿಗೆ ಬಂದಳು. ಗೋಲ್‌ಕೀಪರಿನ ಕಾಲುಪಟ್ಟಿ, ಎದೆಕವಚಗಳನ್ನೆಲ್ಲ ತುಂಬುವ ಆಳುದ್ದದ ಕ್ಯಾನ್ವಾಸ್ ಚೀಲವನ್ನು ಮೇಜಿನ ಮೇಲೆ ಹರವಿದಳು.

"ಅಕ್ಕಾ, ಈ ಜಿಪ್ಪಿನ ಮೇಲೆ ಒಂದು ಪಟ್ಟಿ ಹಾಕಿ, ಹೊರಗಡೆ ಕೊಂಡಿ ಇಟ್ಟುಕೊಡಿ. ಒಳಗಿನಿಂದ ಎಷ್ಟು ತಳ್ಳಿದ್ರೂ ಬಿಚ್ಚಬಾರದು."

"ಒಳಗಿನಿಂದ ಯಾರಮ್ಮ ತಳ್ತಾರೆ? ಬೆಕ್ಕು ತುಂಬ್ತೀರಾ?"

ಮೂವರೂ ಬಿದ್ದು ಬಿದ್ದು ನಕ್ಕರು. ನಂಬರಕ್ಕನೂ ನಕ್ಕಳು. ಎಷ್ಟು ಗಟ್ಟಿಯಾಗಬೇಕು ಎಂದು ಕೇಳಿದಳು. ಏತಕ್ಕೆ ಎಂದು ಕೇಳಲಿಲ್ಲ. ಕಸುಬುದಾರರ ದಡ್ಡತನ ಹೀಗೆಯೇ ಇರುತ್ತದೆ: ಕೈ ಚುರುಕಾದಷ್ಟೂ ಕಿವಿ ಮಂದ. ಮೂರು ಸಾಲು ಹೊಲಿಗೆ ಹೊಡೆದು, ತುದಿಗಳನ್ನು ಮರುಹೊಲಿಗೆಯಿಂದ ಬಿಗಿದು, ಅದೇ ಸಂಜೆ ಚೀಲವನ್ನು ಕೊಟ್ಟಳು.

ಆ ಚೀಲದ ಉಪಯೋಗವೇನೆಂಬುದು ಇಡೀ ಕಾಲೇಜಿಗೆ ಗೊತ್ತಿದ್ದ ಗುಟ್ಟು. ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಯನ್ನು ಅದರೊಳಗೆ ಮಲಗಿಸಿ, ಜಿಪ್ಪು ಎಳೆದು, ಹೊತ್ತುಕೊಂಡು ಹೋಗಿ ಮೈದಾನದ ಗ್ಯಾಲರಿಯ ತುತ್ತತುದಿಯಲ್ಲಿಟ್ಟು, "ಪಾರ್ಸೆಲ್ ಬಂತು!" ಎಂದು ಕೂಗುವುದು. ಇದಕ್ಕೆ ಅವರು ಪರಂಪರೆ ಎನ್ನುತ್ತಿದ್ದರು. ಮಾಡುವ ಕೆಲಸಕ್ಕೆ ಮರ್ಯಾದೆಯ ಹೆಸರು ಸಿಗದವರು ಕೊನೆಗೆ ಹಿಡಿಯುವ ಊರುಗೋಲು ಈ ಪದ. ಹಿಂದಿನ ವರ್ಷಗಳಲ್ಲಿ ಹೊಸಬರು ಒಳಗಿನಿಂದಲೇ ಬೆರಳು ತೂರಿಸಿ ಜಿಪ್ಪು ಸರಿಸಿ, ಎರಡು ನಿಮಿಷದಲ್ಲಿ ಹೊರಬಂದು, ಹಿರಿಯರ ಮೋಜು ಕೆಡಿಸುತ್ತಿದ್ದರಂತೆ. ಕೊಂಡಿ ಬೇಕಾದದ್ದು ಅದಕ್ಕೆ.

ಆಗಸ್ಟ್ ೧೪, ಮಂಗಳವಾರ ತಂಡದ ಆಯ್ಕೆಪಟ್ಟಿ ಹೊರಬಿತ್ತು. ಅದರಲ್ಲಿ ನಂಬರಕ್ಕನ ಒಬ್ಬಳೇ ಮಗಳ ಹೆಸರಿತ್ತು. ತಂದೆ ತೀರಿಕೊಂಡಾಗ ಹತ್ತು ವರ್ಷದವಳಾಗಿದ್ದ ಹುಡುಗಿಗೆ ಈಗ ಹತ್ತೊಂಬತ್ತು. ತಾಯಿ ಅಂದೇ ಹದಿನೇಳನೆಯ ಅಂಕಿಯನ್ನು ಹೊಲಿದಳು.

ಆಗಸ್ಟ್ ೧೮, ಶನಿವಾರ, ಸಂಜೆ ನಾಲ್ಕು ಹತ್ತಕ್ಕೆ ಆ ಹುಡುಗಿಯನ್ನು ಚೀಲಕ್ಕೆ ಹಾಕಿದರು. ಗ್ಯಾಲರಿಯ ಮೇಲಿಟ್ಟು ಕೂಗುವಷ್ಟರಲ್ಲಿ ಕೆಳಗೆ ಅತಿಥಿ ತಂಡದ ಬಸ್ಸು ಬಂದು ನಿಂತಿತು. ಎಲ್ಲರೂ ಇಳಿದು ಓಡಿದರು. ತರಬೇತುದಾರ ಮೂವತ್ತು ಮಾರು ದೂರದಲ್ಲಿದ್ದ. ಮೇಲಿನಿಂದ ಕೇಳಿಬರುತ್ತಿದ್ದ ಕಿರುಚಾಟ ಅವನಿಗೆ ಕೇಳಿಸಲಿಲ್ಲವಂತೆ. ಅತಿಥಿಗಳಿಗೆ ಚಹಾ ಬಂದಿಲ್ಲವೆಂಬ ಪಿಸುಮಾತು ಮಾತ್ರ ಚೆನ್ನಾಗಿ ಕೇಳಿಸಿತು. ನಲವತ್ತು ನಿಮಿಷ ಒಳಗೆ ಹೊರಳಾಡಿದ ಹುಡುಗಿ ಚೀಲದ ಸಮೇತ ಒಂಬತ್ತು ಸಿಮೆಂಟು ಮೆಟ್ಟಿಲು ಉರುಳಿದಳು. ಕೊಂಡಿ ಬಿಚ್ಚಿ ಹೊರಗೆಳೆದದ್ದು ಕಸ ಗುಡಿಸುವ ಹೆಂಗಸು. ಬಲಭುಜ ಕೀಲು ತಪ್ಪಿತ್ತು. ತೋಳಿನ ನರ ಹರಿದಿತ್ತು.

ಆಸ್ಪತ್ರೆಯಲ್ಲಿ ಮಗಳು ಮೊದಲು ಆಡಿದ ಮಾತು: "ಯಾವ ಪಾಪಿ ಹೊಲಿದನೋ ಅಮ್ಮ, ಎಷ್ಟು ಒದ್ದರೂ ಬಿಚ್ಚಲಿಲ್ಲ."

ನಂಬರಕ್ಕ ನೀರಿನ ಲೋಟವನ್ನು ಮಗಳ ತುಟಿಗೆ ಹಿಡಿದಳು. "ಮಾತಾಡಬೇಡ, ಮಲಗು" ಎಂದಳು. ಆ ಲೋಟದ ಹಿಂದೆ ಅಡಗಿಕೊಂಡ ಮಾತು ಅಲ್ಲಿಂದ ಹದಿನೆಂಟು ತಿಂಗಳು ಹೊರಬರಲಿಲ್ಲ.

ಆಗಸ್ಟ್ ೨೩ರಂದು ಪ್ರಾಂಶುಪಾಲರು ಕರೆಸಿದರು. ಎರಡೂ ಅಂಗೈಗಳನ್ನು ಜೋಡಿಸಿ ಹೊಟ್ಟೆಯ ಮೇಲಿಟ್ಟುಕೊಂಡು ಮಾತನಾಡುವ ಮನುಷ್ಯ.

"ನೋಡೀಮ್ಮ, ನಾವೆಲ್ಲ ಒಂದೇ ಕುಟುಂಬ. ಇಪ್ಪತ್ತೆರಡು ವರ್ಷದಿಂದ ನೀವು ನಮ್ಮೋರು."

"ಹಾಗಾದ್ರೆ ಏನು ನಡೀತೋ ಅದನ್ನ ಬರೆದುಕೊಡಿ ಸಾರ್. ಅಷ್ಟೇ ಸಾಕು."

"ಕೊಡೋಣಂತೆ, ಕೊಡೋಣ."

ಕೊಟ್ಟರು. "ಅಭ್ಯಾಸದ ವೇಳೆ ಆಟಗಾರ್ತಿ ಕಾಲುಜಾರಿ ಬಿದ್ದ ಕಾರಣ" ಎಂದಿತ್ತು. ಅಭ್ಯಾಸವೂ ಇರಲಿಲ್ಲ, ಕಾಲೂ ಜಾರಲಿಲ್ಲ. ಒಂದೇ ವಾಕ್ಯದಲ್ಲಿ ಎರಡು ಸುಳ್ಳು, ಮೂರು ಕಾಗುಣಿತದ ತಪ್ಪು, ಕೆಳಗೆ ದುಂಡನೆಯ ಮೊಹರು. ಆ ಕಾಗದ ನೋಡಿದ ಮೇಲೆ ನಂಬರಕ್ಕ ವಕೀಲರನ್ನು ಹುಡುಕಿಕೊಂಡು ಹೋದಳು. ನವೆಂಬರ್ ೫, ಸೋಮವಾರ ಕಾಲೇಜಿನ ಮೇಲೂ ತರಬೇತುದಾರನ ಮೇಲೂ ದಾವೆ ಹೂಡಲಾಯಿತು.

ಊರು ಆಗ ತನ್ನ ಬಣ್ಣ ತೋರಿಸಿತು. ದಾವೆಯ ಸುದ್ದಿ ಕೇಳಿ ವಿಶ್ವವಿದ್ಯಾಲಯ ಆ ವರ್ಷದ ಪಂದ್ಯಾವಳಿಯಿಂದ ತಂಡವನ್ನು ಹೊರಗಿಟ್ಟಿತ್ತು. ಹುಡುಗಿಯ ತೋಳು ಹೋದಾಗ ತೆಪ್ಪಗಿದ್ದ ಮಂದಿ ಪಂದ್ಯಾವಳಿ ಹೋದಾಗ ಎದೆ ಬಡಿದುಕೊಂಡರು. ತಂಡದ ಹುಡುಗಿಯರು ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಆ ಬೀದಿಯಲ್ಲೇ ಮೆರವಣಿಗೆ ಹೋದರು. ಗೆಳತಿಗಾಗಿ ಅಲ್ಲ, ಪಂದ್ಯಾವಳಿಯ ಕಪ್ಪಿಗಾಗಿ. ವರ್ಷವಿಡೀ ಹಾಕಿ ಕೋಲನ್ನು ಕಣ್ಣಿನಿಂದ ಕಾಣದ ಸೈಕಲ್ ಅಂಗಡಿಯವನು ಕೂಡ ಕ್ರೀಡಾಭಿಮಾನಿಯಾಗಿಬಿಟ್ಟ.

"ಅಲ್ಲ ಅಕ್ಕ, ಆಟ ಅಂದ್ಮೇಲೆ ಏಟು ಬೀಳಲ್ವಾ? ಅದಕ್ಕೆಲ್ಲ ಕೋರ್ಟಾ?"

"ಚೀಲದೊಳಗೆ ಯಾವ ಆಟ ಆಡ್ತಾರಪ್ಪ? ನನಗೂ ಕಲಿಸು."

"ನಿಮ್ಮ ನಾಲಿಗೆಗೆ ನಮಸ್ಕಾರ. ಉಂಡ ಮನೆಯ ಗಳ ಎಣಿಸೋದು ಅಂದ್ರೆ ಇದೇ."

ಕಾಲೇಜು ಜೆರ್ಸಿಗಳನ್ನು ಬೇರೆ ಊರಿಗೆ ಹೊಲಿಯಲು ಕಳಿಸಿತು. ಮಕ್ಕಳ ಸಮವಸ್ತ್ರ ತರುತ್ತಿದ್ದ ತಾಯಂದಿರು ಬೀದಿಯ ಆ ಬದಿಯಲ್ಲಿ ನಡೆಯತೊಡಗಿದರು. ಇಸ್ತ್ರಿಯ ಮುದುಕ ಮಾತ್ರ ಎಂದಿನಂತೆ ಬಂದು ಕುಳಿತು, "ಬೆಕ್ಕಿಗೆ ಗಂಟೆ ಕಟ್ಟೋಕೆ ಹೋದೋಳು ನೀನು ತಾಯಿ. ಇಲಿಗಳಿಗೇ ಸಿಟ್ಟು ಬಂದಿದೆ, ನೋಡು" ಎಂದು ನಗುತ್ತಿದ್ದ.

ಮಗಳ ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ, ಬೆರಳುಗಳಿಗೆ ಹಿಡಿತವಿರಲಿಲ್ಲ. ದಿನಾ ಬೆಳಿಗ್ಗೆ ಏಳೂವರೆಗೆ ನಂಬರಕ್ಕ ಅವಳಿಗೆ ಜಡೆ ಹೆಣೆಯುತ್ತಿದ್ದಳು. ದಿನಾ ಹೇಳಬೇಕೆಂದುಕೊಂಡಳು, ಜಡೆಯ ತುದಿಗೆ ರಬ್ಬರು ಬೀಳುವಷ್ಟರಲ್ಲಿ ಧೈರ್ಯ ಮುಗಿಯುತ್ತಿತ್ತು.

೨೦೧೪ರ ಫೆಬ್ರವರಿ ೧೨, ಬುಧವಾರ ತರಬೇತುದಾರ ಸಾಕ್ಷಿಕಟ್ಟೆ ಹತ್ತಿದ. ಆ ಪಟ್ಟಿ, ಕೊಂಡಿ ಎಲ್ಲ ೨೦೦೯ರಿಂದಲೇ ಚೀಲಕ್ಕಿದ್ದವು ಎಂದ. ಸಾಮಾನು ಕಳವಾಗದಿರಲೆಂದು ಹಾಕಿಸಿದ್ದು. ಹುಡುಗಿ ತಾನಾಗಿಯೇ ತಮಾಷೆಗೆ ಒಳಹೊಕ್ಕಳು ಎಂದ. ನಾಯಕಿಯೂ ಅದನ್ನೇ ಗಿಳಿಪಾಠ ಒಪ್ಪಿಸಿದಳು. ಇಬ್ಬರೂ ಒಂದೇ ಜಾಗದಲ್ಲಿ ಕೆಮ್ಮಿದರು. ಅಷ್ಟು ಚೆನ್ನಾಗಿ ಬಾಯಿಪಾಠವಾಗಿತ್ತು.

ನಂಬರಕ್ಕನ ವಕೀಲ ತಲೆ ಕೆರೆದುಕೊಂಡ. "ಕೊಂಡಿ ಹಳೇದು ಅಂತಾದ್ರೆ ಇದು ಬರೀ ಆಕಸ್ಮಿಕ ಅಮ್ಮ. ಬೇಕಂತ್ಲೇ ಹಾಕಿಸಿದ್ರು ಅಂತ ತೋರಿಸೋಕೆ ನಮ್ಮ ಹತ್ತಿರ ಏನೂ ಇಲ್ಲ."

ಇತ್ತು. ಅದು ಎಲ್ಲಿದೆ ಎಂದು ಲೋಕದಲ್ಲಿ ಒಬ್ಬಳಿಗೇ ಗೊತ್ತಿತ್ತು.

ಫೆಬ್ರವರಿ ೧೬, ಭಾನುವಾರ ನಾಯಕಿಯ ತಾಯಿ ಅಂಗಡಿಗೆ ಬಂದಳು. ಬ್ಯಾಂಕಿನಲ್ಲಿ ಮ್ಯಾನೇಜರು. ನೆಪಕ್ಕೆ ಒಂದು ಪರದೆ ಬಟ್ಟೆ ತಂದಿದ್ದಳು, ಬಿಚ್ಚಲೂ ಇಲ್ಲ.

"ಅಕ್ಕಾವ್ರೇ, ನಾವಿಬ್ರೂ ತಾಯಂದಿರು. ಅದಕ್ಕೇ ಬಂದೆ."

"ಒಂದೂವರೆ ವರ್ಷ ಆಯ್ತಲ್ಲ ಮೇಡಂ. ಇವತ್ತು ತಾಯಿ ಆದ್ರಾ?"

ಮ್ಯಾನೇಜರಮ್ಮ ಮುಗುಳ್ನಕ್ಕಳು. "ಆ ಪಟ್ಟಿ ಹೊಲಿದ ಕೈ ಯಾವುದು ಅಂತ ನನ್ನ ಮಗಳಿಗೆ ಗೊತ್ತು, ನಿಮಗೆ ಗೊತ್ತು. ನಿಮ್ಮ ಮಗಳಿಗೆ ಗೊತ್ತಾ?"

ಯಂತ್ರದ ಚಕ್ರದ ಮೇಲಿದ್ದ ನಂಬರಕ್ಕನ ಕೈ ಅಲ್ಲೇ ನಿಂತಿತು.

"ನಾವಂತೂ ಬಾಯಿ ಬಿಡಲ್ಲ. ನೀವೂ ಬಿಡಬೇಡಿ. ಹಳೇ ಚೀಲ, ಹಳೇ ಪಟ್ಟಿ. ಯಾರ ಮನೇನೂ ಒಡೆಯೋದು ಬೇಡ. ಏನಂತೀರಿ?"

"ಪರದೆಯ ಅಳತೆ ತಂದಿಲ್ಲ ನೀವು. ತಗೊಂಡು ಬನ್ನಿ, ಹೊಲಿದುಕೊಡ್ತೀನಿ."

ಮರುದಿನವೇ ನಂಬರಕ್ಕ ವಕೀಲನಿಗೆ ಎಲ್ಲವನ್ನೂ ಹೇಳಿದಳು. ಮಗಳಿಗೆ ಹೇಳಲಿಲ್ಲ. ಫೆಬ್ರವರಿ ೧೯, ಬುಧವಾರ ಬೆಳಿಗ್ಗೆ ಜಡೆ ಹೆಣೆಯುವಾಗ, "ನಿಂಗೊಂದು ಮಾತು ಹೇಳಬೇಕಿತ್ತು" ಎಂದು ಶುರು ಮಾಡಿದಳು. "ಮೊದಲು ಸಡಿಲ ಮಾಡು ಅಮ್ಮ, ತಲೆ ನೋಯುತ್ತೆ" ಎಂದಳು ಮಗಳು. ಅಷ್ಟಕ್ಕೇ ಮಾತು ನಿಂತಿತು. ಊರನ್ನೇ ಎದುರು ಹಾಕಿಕೊಂಡ ಹೆಂಗಸಿಗೆ ಒಂದು ಜಡೆಯ ಎದುರು ಬಾಯಿ ಬರಲಿಲ್ಲ.

ಅಂದೇ ನ್ಯಾಯಾಲಯದಲ್ಲಿ ಆ ಕ್ಯಾನ್ವಾಸ್ ಚೀಲ ಮೇಜಿನ ಮೇಲಿತ್ತು. ಮಗಳು ಹಿಂದಿನ ಬೆಂಚಿನಲ್ಲಿದ್ದಳು. ನಂಬರಕ್ಕ ಕಟಕಟೆಯಲ್ಲಿ ನಿಂತು ನ್ಯಾಯಾಧೀಶರಿಗೆ ಹೇಳಿದಳು:

"ಸ್ವಾಮಿ, ಈ ಪಟ್ಟಿ ಎರಡು ಸಾವಿರದ ಒಂಬತ್ತರದ್ದಲ್ಲ. ಹನ್ನೆರಡನೇ ಇಸವಿ ಆಗಸ್ಟ್ ಒಂಬತ್ತನೇ ತಾರೀಖಿಂದು. ಹೊಲಿದೋಳು ನಾನು. ಒಳಗಿನಿಂದ ತಳ್ಳಿದ್ರೆ ಬಿಚ್ಚಬಾರದು ಅಂತ ಹೇಳಿ ಹೊಲಿಸಿದೋಳು ಅಲ್ಲಿ ಕೂತಿರೋ ನಾಯಕಿ."

ಕಾಲೇಜಿನ ವಕೀಲ ಮೇಲೆದ್ದ. "ಬಾಯಿಮಾತು, ಮಹಾಸ್ವಾಮಿ. ಯಾರು ಬೇಕಾದರೂ ಹೇಳಬಹುದು."

"ಬಾಯಿಮಾತಲ್ಲ. ಕೊಂಡಿ ಕೂರಿಸುವ ಕಡೆ ಕ್ಯಾನ್ವಾಸ್ ಹರೀಬಾರದು ಅಂತ ಪಟ್ಟಿಯ ಒಳಗಡೆ ಒಂದು ತುಂಡು ಬಟ್ಟೆ ಕೊಡ್ತೀನಿ. ಆಗ ಯಂತ್ರದ ಮೇಲೆ ಯಾವ ಜೆರ್ಸಿ ಇರುತ್ತೋ ಅದರದ್ದೇ ತುಂಡು. ಇಪ್ಪತ್ತೆರಡು ವರ್ಷ ತಂಡದ ಬಟ್ಟೆ ನೀಲಿ. ಇಟ್ಟಿಗೆ ಬಣ್ಣಕ್ಕೆ ಬದಲಾಯಿಸಿದ್ದು ಹನ್ನೆರಡನೇ ಇಸವೀಲಿ. ಆ ಬಟ್ಟೆಯ ಥಾನು ನನ್ನ ಅಂಗಡಿಗೆ ಬಂದದ್ದು ಆಗಸ್ಟ್ ಮೂರಕ್ಕೆ. ಅಪ್ಪಣೆ ಆದ್ರೆ ಬಿಚ್ಚಿ ತೋರಿಸ್ತೀನಿ."

ಅಪ್ಪಣೆಯಾಯಿತು. ಬಾಗಿಲಿನ ಜವಾನ ಬೆಳಿಗ್ಗೆ ಆಕೆಯ ಕೈಚೀಲದಿಂದ ಆಯುಧವೆಂದು ತೆಗೆದಿಟ್ಟುಕೊಂಡಿದ್ದ ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆಯನ್ನು ತಂದುಕೊಟ್ಟ. ತನ್ನ ಹೊಲಿಗೆಯನ್ನು ತಾನೇ ಬಿಚ್ಚುವುದು ಸುಲಭವಾಗಲಿಲ್ಲ. ಆರು ನಿಮಿಷ ಹಿಡಿಯಿತು. ಮೂರನೆಯ ಸಾಲು ಕಳಚಿದಾಗ, ಪಟ್ಟಿಯ ಒಳಗಿನಿಂದ ಎರಡು ಬೆರಳಗಲದ ಇಟ್ಟಿಗೆ ಬಣ್ಣದ ತುಂಡು ಹೊರಬಂತು. ತರಬೇತುದಾರ ತನ್ನ ಬೂಟಿನ ದಾರವನ್ನು ನೋಡತೊಡಗಿದ.

ಕಾಲೇಜಿನ ವಕೀಲ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಜಾತಿ. "ಹಾಗಾದರೆ ಮಗಳ ಕೈ ಹೋಗಲು ನೀವೇ ಕಾರಣ ಅಂತಾಯಿತಲ್ಲ?"

"ಕೇಳದೇ ಹೊಲಿದದ್ದು ನನ್ನ ತಪ್ಪು. ನನ್ನ ತಪ್ಪು ನಾನು ಹೇಳಿದೆ. ನಿಮ್ಮೋರದ್ದು ಹೇಳೋಕೆ ನಿಮ್ಮ ಕಡೆ ಒಬ್ಬರಾದ್ರೂ ಇದಾರಾ?"

ಹಿಂದಿನ ಬೆಂಚಿನಿಂದ ಮಗಳು ಎದ್ದು ಹೊರಗೆ ಹೋದಳು.

ನಂಬರಕ್ಕ ಹೊರಬಂದಾಗ ಅವಳು ಮೆಟ್ಟಿಲ ಮೇಲೆ ನಿಂತಿದ್ದಳು. ಬಿಸಿಲು ಜೋರಾಗಿತ್ತು.

"ದಿನಾ ನನ್ನ ಜಡೆ ಹಾಕ್ತಿದ್ದೆಯಲ್ಲ ಅಮ್ಮ. ಐನೂರು ದಿನ. ಒಂದು ದಿನಾನೂ ಹೇಳಬೇಕು ಅನ್ನಿಸಲಿಲ್ವಾ?"

"ದಿನಾ ಅನ್ನಿಸ್ತಿತ್ತು ಕಣೇ."

"ಹೊಲಿದದ್ದಕ್ಕಲ್ಲ ನನಗೆ ಸಿಟ್ಟು. ಅವರೆಲ್ಲರಿಗೂ ಗೊತ್ತಿತ್ತು. ಆ ಮ್ಯಾನೇಜರಮ್ಮಂಗೂ ಗೊತ್ತಿತ್ತಂತೆ, ಈಗಷ್ಟೇ ವಕೀಲರು ಹೇಳಿದ್ರು. ನನಗೊಬ್ಬಳಿಗೇ ಗೊತ್ತಿರಲಿಲ್ಲ. ಪಾರ್ಸೆಲ್ ಥರಾನೇ ನೋಡ್ಕೊಂಡೆ ನೀನೂ."

ಮಗಳು ಎಡಗೈಯಿಂದ ತನ್ನ ಚೀಲವನ್ನು ಹೆಗಲಿಗೇರಿಸಿಕೊಂಡು, ಮೂರು ಗಂಟೆಯ ಬಸ್ಸು ಹಿಡಿದು ಚಿಕ್ಕಮ್ಮನ ಊರಿಗೆ ಹೋದಳು. ತಾಯಿ ಬಸ್ ನಿಲ್ದಾಣದವರೆಗೆ ಹತ್ತು ಹೆಜ್ಜೆ ಹಿಂದೆ ನಡೆದಳು. ಬಸ್ಸು ಹೊರಟ ಮೇಲೆ ಅಂಗಡಿಗೆ ಬಂದು ಬಾಗಿಲು ತೆರೆದಳು. ಬರುವವರು ಯಾರೂ ಇರಲಿಲ್ಲ.

ಆಮೇಲೆ ನಡೆದದ್ದು ಇಷ್ಟು.

೨೦೧೪ರ ಜೂನ್ ೩೦, ಸೋಮವಾರ ತೀರ್ಪು ಬಂತು. ಕಾಲೇಜು ಮತ್ತು ತರಬೇತುದಾರ ಹೊಣೆಗಾರರೆಂದು ನ್ಯಾಯಾಲಯ ಹೇಳಿತು. ನಡೆದದ್ದನ್ನು ನಡೆದಂತೆ ಬರೆದುಕೊಡಬೇಕೆಂದೂ ಆದೇಶಿಸಿತು. ಕಾಲೇಜು ಮೇಲ್ಮನವಿ ಹೋಯಿತು. ೨೦೧೬ರ ಸೆಪ್ಟೆಂಬರ್ ೨೧, ಬುಧವಾರ ಅದು ವಜಾ ಆಯಿತು. ಬರೆದುಕೊಟ್ಟ ಪತ್ರ ನಾಲ್ಕು ಸಾಲಿನದು. ಈ ಸಲ ಕಾಗುಣಿತ ಸರಿಯಿತ್ತು.

ತರಬೇತುದಾರನನ್ನು ಕಾಲೇಜು ತೆಗೆಯಲಿಲ್ಲ, ಗ್ರಂಥಾಲಯಕ್ಕೆ ವರ್ಗ ಮಾಡಿತು. ಪ್ರಾಂಶುಪಾಲರು ನಿವೃತ್ತರಾದ ದಿನ ವಿದ್ಯಾರ್ಥಿಗಳ ಶಿಸ್ತಿನ ಬಗ್ಗೆ ಐವತ್ತು ನಿಮಿಷ ಭಾಷಣ ಮಾಡಿದರು. ಸುಳ್ಳು ಸಾಕ್ಷಿ ಹೇಳಿದ್ದಕ್ಕಾಗಿ ನಾಯಕಿಯ ಮೇಲೆ ಯಾವ ಕ್ರಮವೂ ಆಗಲಿಲ್ಲ. ಅವಳಿಗೆ ಕ್ರೀಡಾ ಮೀಸಲಾತಿಯಲ್ಲಿ ಕೆಲಸ ಸಿಕ್ಕಿತು. ತಂಡದಲ್ಲಿ ಪಾರ್ಸೆಲ್ ನಿಂತಿತು. ಅದರ ಬದಲಿಗೆ ಈಗ ನಡೆಯುವುದಕ್ಕೆ ಪರಿಚಯ ಕಾರ್ಯಕ್ರಮ ಎನ್ನುತ್ತಾರೆ. ಬಾಗಿಲು ಹಾಕಿಕೊಂಡು ನಡೆಸುತ್ತಾರೆ.

ಮಗಳು ೨೦೧೫ರ ಏಪ್ರಿಲ್ ೧೨, ಭಾನುವಾರ ಕೂದಲನ್ನು ಕತ್ತಿನ ಮಟ್ಟಕ್ಕೆ ಕತ್ತರಿಸಿಕೊಂಡು ಹಿಂದಿರುಗಿದಳು. ಪದವಿ ಮುಗಿಸಿ, ಎಡಗೈಯಲ್ಲಿ ಬರೆಯುವುದನ್ನು ಕಲಿತು, ಈಗ ಅಂಚೆ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಾಳೆ. ತಾಯಿಯೊಂದಿಗೆ ಮಾತನಾಡುತ್ತಾಳೆ, ಮೊದಲಿನಷ್ಟಿಲ್ಲ.

ಕಾಲೇಜಿನ ಕೆಲಸ ನಂಬರಕ್ಕನಿಗೆ ಮತ್ತೆ ಬರಲಿಲ್ಲ. ಆಕೆ ಆಸ್ಪತ್ರೆಯ ಹಾಸಿಗೆ ಹೊದಿಕೆ, ದಿಂಬಿನ ಚೀಲ ಹೊಲಿಯುತ್ತಾಳೆ. ಯಾರು ಏನು ತಂದರೂ ಮೊದಲು ಏತಕ್ಕೆ ಎಂದು ಕೇಳುತ್ತಾಳೆ. ಇದರಿಂದ ಕೆಲವು ಗಿರಾಕಿಗಳು ಸಿಡುಕಿ ಎದ್ದುಹೋಗುವುದುಂಟು.