ದನದ ಮೇವಿನ ವರ್ಗಕ್ಕೆ ಹೋದ ಕೇಶರಕಾಕು

ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಪಹಣಿ, ಆಧಾರ್, ಪಾನ್ ಕಾರ್ಡ್, ಏನು ಕೇಳಿದರೂ ಮಾಡಿಕೊಡುತ್ತೇನೆ. ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ. ಅದೇ ನನ್ನ ದೊಡ್ಡ ರೋಗ. ಆ ರೋಗದ ಫಲ ಉಂಡವರು ನಮ್ಮ ಓಣಿಯ ಕೇಶರಬಾಯಿ.

ಊರೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತದೆ. ಇಪ್ಪತ್ತು ವರ್ಷದಿಂದ ಶೇಂಗಾ ಹಿಂಡಿ ಕುಟ್ಟಿ ಮಾರುತ್ತಾರೆ; ಚಟ್ನಿಪುಡಿಗೆ ನಮ್ಮ ಕಡೆ ಹಿಂಡಿ ಎನ್ನುತ್ತೇವೆ. ಹುರಿದ ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ, ಎಲ್ಲವೂ ಒಳಕಲ್ಲಿಗೆ. ಮಿಕ್ಸರ್ ಎಂದರೆ ಮುಖ ಸಿಂಡರಿಸುತ್ತಾರೆ. ರೊಟ್ಟಿಗೆ ಆ ಹಿಂಡಿಯೂ ಒಂದಿಷ್ಟು ಎಣ್ಣೆಯೂ ಇದ್ದರೆ ಪಲ್ಯ ಯಾರಿಗೆ ಬೇಕು? ಹುಲಸೂರಿನ ಬಸ್ಸು ಹತ್ತುವವರೂ ಎರಡು ಪಾಕೀಟು ಒಯ್ಯುತ್ತಾರೆ. ಪಾಕೀಟಿನ ಮೇಲೆ ಹೆಸರು ‘ಕೇಶರಕಾಕು’.

ಮೂರು ವರ್ಷದ ಹಿಂದೆ ಹುಮನಾಬಾದಿನ ಅಂಗಡಿಕಾರ ವೀರಭದ್ರ ಅದೇ ಹೆಸರು ಹಾಕಿ ತನ್ನ ಹಿಂಡಿ ಮಾರತೊಡಗಿದ. ಹಾಕಿದ್ದು ಮುಗ್ಗಿದ ಶೇಂಗಾ. ತಿಂದವರು ಬಂದು ಬೈದದ್ದು ಮಾತ್ರ ಕಾಕುವನ್ನು.

“ನನ್ನ ಹೆಸರು ಹೊಲಸು ಮಾಡಾಕತ್ತಾನ, ಸತೀಶ. ಏನರೆ ಬಂದೋಬಸ್ತ್ ಮಾಡು,” ಎಂದರು. ಗಟ್ಟಿಗಿತ್ತಿಯ ಕಣ್ಣಲ್ಲಿ ನೀರು ನಿಂತಿತ್ತು.

“ಟ್ರೇಡ್‌ಮಾರ್ಕ್ ಮಾಡಿಸೋಣ್ರಿ ಕಾಕು. ಹೆಸರು ನಿಮ್ದೇ ಅಂತ ಸರ್ಕಾರ ಬರಕೊಡ್ತದ,” ಎಂದೆ. ಅಂಥ ಅರ್ಜಿಯನ್ನು ನಾನು ಅಲ್ಲಿಯವರೆಗೆ ಕಣ್ಣಿಂದಲೂ ಕಂಡಿರಲಿಲ್ಲ.

ಹೆಸರು ಯಾವ ವರ್ಗದ ಯಾವ ಸರಕಿಗೆ ಎಂದು ಅರ್ಜಿ ಕೇಳಿತು. ಶೇಂಗಾ ಹಿಂಡಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಮೊಬೈಲಿಗೆ ಕೇಳಿದೆ, ಅದು ಹೇಳಿದ್ದನ್ನೇ ತುಂಬಿದೆ. ವರ್ಷ ಕಳೆದ ಮೇಲೆ ಪ್ರಮಾಣಪತ್ರ ಬಂತು. ಕಾಕು ಇಳಕಲ್ ಸೀರೆ ಉಟ್ಟು ನನ್ನನ್ನು ಕರೆದುಕೊಂಡು ಸೀದಾ ಹುಮನಾಬಾದಿಗೆ ನಡೆದರು.

ವೀರಭದ್ರ ಕಾಗದ ಓದಿದ. ಮತ್ತೊಮ್ಮೆ ಓದಿ ಬಿದ್ದು ಬಿದ್ದು ನಕ್ಕ. “ಕಾಕು, ಈ ಹೆಸರು ನಿಮಗ ದನದ ಮೇವಿಗೆ ಕೊಟ್ಟಾರ್ರಿ. ಎಣ್ಣಿ ತಗದ ಹಿಂಡಿಗೆ. ನಂದು ಮನಷ್ಯಾರು ತಿನ್ನೂದು, ನನಗ ಸಂಬಂಧ ಇಲ್ಲ.”

ಭೂಮಿ ಬಾಯಿ ಬಿಟ್ಟರೆ ಸಾಕು ಎನಿಸಿತು ನನಗೆ. ಕಾಕು ನನ್ನನ್ನು ಒಮ್ಮೆ ನೋಡಿದರು. ಆ ನೋಟ ಈಗ ನೆನೆದರೂ ಬೆವರುತ್ತೇನೆ. ಆಮೇಲೆ ಅಂಗಡಿಯಲ್ಲಿದ್ದ ಗಿರಾಕಿಗಳ ಕಡೆ ತಿರುಗಿದರು.

“ಕೇಳಿದ್ರೇನ್ರಿ? ಸರ್ಕಾರದ ಕಾಗದದಾಗ ಕೇಶರಕಾಕು ಅಂದ್ರ ದನದ ಮೇವಂತ. ಸಾವ್ಕಾರ್ರೇ ಓದಿ ಹೇಳ್ಯಾರ. ಅದೇ ಹೆಸರಿನ ಪಾಕೀಟು ನಿಮಗ ಕೊಡಾಕತ್ತಾರ.”

ಒಬ್ಬ ಹೆಣ್ಣುಮಗಳು ಕೈಯಲ್ಲಿದ್ದ ಪಾಕೀಟನ್ನು ಸುಮ್ಮನೆ ವಾಪಸು ಇಟ್ಟಳು.

“ನಿಮ್ಮ ಪಾಕೀಟಿಗೂ ಅದೇ ಹೆಸರಲ್ರಿ?” ಎಂದ ವೀರಭದ್ರ. ನಗು ಇಳಿದಿತ್ತು.

“ನನ್ನ ಮಂದಿಗೆ ನನ್ನ ಕೈ ಗೊತ್ತದ. ನಿಮ್ಮ ಕೈ ಯಾರಿಗೆ ಗೊತ್ತದ?”

ಎಂಟು ದಿನದಲ್ಲಿ ಅವನ ಪಾಕೀಟಿನ ಮೇಲೆ ‘ವೀರಭದ್ರ ಹಿಂಡಿ’ ಎಂದು ಬಂತು. ನಾನು ಕಲಬುರಗಿಯ ವಕೀಲರನ್ನು ಕೇಳಿ ತಿನ್ನುವ ಚಟ್ನಿಪುಡಿಯ ವರ್ಗದಲ್ಲಿ ಹೊಸ ಅರ್ಜಿ ಹಾಕಿದೆ. ಶುಲ್ಕ ನನ್ನ ಕಿಸೆಯಿಂದ, ಬೈಗುಳ ಕಾಕುವಿನಿಂದ.

ಎರಡನೇ ಪ್ರಮಾಣಪತ್ರ ಬಂದ ದಿನ ಕಾಕು ಅದನ್ನು ನಾಲ್ಕು ಸಲ ಓದಿಸಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ವೀರಭದ್ರನಿಗೆ ಫೋನು ಹಚ್ಚು ಎಂದರು. ಜಗಳಕ್ಕೇ ಎಂದುಕೊಂಡೆ.

“ಸಾವ್ಕಾರ್ರ, ನಿಮ್ಮ ಹಿಂಡಿ ತಿಂದು ನೋಡಿದೆ. ಈಗ ಅದರ ಮ್ಯಾಲ ನಿಮ್ಮ ಹೆಸರದ. ಮುಗ್ಗಿದ ಶೇಂಗಾ ಹಾಕಬ್ಯಾಡ್ರಿ. ಹೆಸರು ಕೆಟ್ರ ಹೊಟ್ಟಿ ಹ್ಯಾಂಗ ಉರೀತದ, ನನಗ ಗೊತ್ತದ.”