ಕಿಡಿ ನೋಡುವ ಚಿತ್ರಲಿಂಗಪ್ಪ

ಚಿತ್ರಲಿಂಗಪ್ಪನನ್ನು ಕಾಗದದ ಕಾರ್ಖಾನೆಯವರು ಸೋಮಾರಿ ಎಂದು ಬರೆದು ಮನೆಗೆ ಕಳಿಸಿದರು. ಬರೆದವರ ಕೈ ಸೇದಿಹೋಗಲಿ! ಹಿರಿಯೂರಿನ ಸುತ್ತ ಹತ್ತು ಹಳ್ಳಿ ಜಾಲಾಡಿದರೂ ಅವನಷ್ಟು ಮೈಮುರಿದು ದುಡಿಯುವ ಇನ್ನೊಬ್ಬ ಸಿಗುತ್ತಿರಲಿಲ್ಲ. ಆದರೆ ಏನು ಹೇಳೋಣ, ಆ ಮಾತನ್ನು ಅವರ ಬಾಯಿಗೆ ಕೊಟ್ಟವನೂ ಅವನೇ.

ಅವನು ಹುಟ್ಟಿದ್ದು ಯಲ್ಲದಕೆರೆ ಕಡೆಯ ಒಂದು ಗೊಲ್ಲರಹಟ್ಟಿಯಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ನೂರು ಕುರಿಗಳ ನಡುವೆ ತಮ್ಮ ಮರಿ ಯಾವುದೆಂದು ಮುಖ ನೋಡಿಯೇ ಹೇಳುವ ಜನ ಅವರು. ಇವನು ಕುರಿ ಬಿಟ್ಟು ಕಾರ್ಖಾನೆ ಸೇರಿ ಕಬ್ಬಿಣದ ಮುಖ ಕಲಿತ.

ಕಬ್ಬಿಣವೆಲ್ಲ ಒಂದೇ ಅಂತ ನಾವು ನೀವು ಅಂದುಕೊಂಡಿರುತ್ತೇವೆ. ಶುದ್ಧ ಸುಳ್ಳು. ತಣ್ಣೀರು ಹರಿಯುವ ಪೈಪಿಗೆ ಸಾದಾ ಉಕ್ಕು ಸಾಕು. ಬಾಯ್ಲರಿನಿಂದ ಟರ್ಬೈನಿಗೆ ಹೋಗುವ ಹಬೆಯ ಕಾವಿಗೆ ಅದೇ ಉಕ್ಕು ಒಳಗೊಳಗೇ ಸಡಿಲಾಗಿ, ಉಬ್ಬಿ, ಒಂದು ದಿನ ಸೀಳಿಬಿಡುತ್ತದೆ. ಅಲ್ಲಿಗೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕೇ ಆಗಬೇಕು. ನೋಡಲು ಎರಡೂ ಒಂದೇ ಕಪ್ಪು, ಎರಡಕ್ಕೂ ಅಯಸ್ಕಾಂತ ಅಂಟುತ್ತದೆ. ಗ್ರೈಂಡರಿನ ಕಲ್ಲಿಗೆ ತಾಗಿಸಿದಾಗ ಮಾತ್ರ ಗುಟ್ಟು ಬಯಲಾಗುತ್ತದೆ. ಸಾದಾ ಉಕ್ಕಿನ ಕಿಡಿ ಉದ್ದಕ್ಕೆ ಚಿಮ್ಮಿ ಕವಲೊಡೆದರೆ, ಬೆರಕೆ ಉಕ್ಕಿನ ಕಿಡಿಯ ತುದಿ ಈಟಿಯ ಮೊನೆಯ ಹಾಗೆ ಬೇರೆಯಾಗಿ ಬೀಳುತ್ತದೆ. ಚಿತ್ರಲಿಂಗಪ್ಪ ಕಿಡಿ ನೋಡಿ ಸೀಮೆಸುಣ್ಣದ ಗುರುತು ಹಾಕದೆ ಒಂದು ತುಂಡೂ ಬಾಯ್ಲರಿನ ಮೇಲಕ್ಕೆ ಏರುತ್ತಿರಲಿಲ್ಲ.

ಎಂಬತ್ತೈದನೇ ಇಸವಿಯ ಆಯುಧಪೂಜೆ. ಬಾಯ್ಲರ್ ನಿಲ್ಲಿಸಿ ರಿಪೇರಿ ನಡೆದಿತ್ತು. ಹಬೆಯ ಪೈಪಿನ ತಿರುವಿಗೆ ಕೂರಿಸುವ ಎಲ್ಬೋ ಒಂದು ಬಾಕಿ. ಅದು ಬಂದದ್ದು ಹಬ್ಬದ ಸಂಜೆ, ಪೂಜೆ ಮುಗಿದ ಮೇಲೆ. ಗ್ರೈಂಡರು, ಸ್ಪ್ಯಾನರು, ಸುತ್ತಿಗೆ ಎಲ್ಲ ವಿಭೂತಿ ಕುಂಕುಮ ಹಚ್ಚಿಕೊಂಡು, ಚೆಂಡುಹೂವು ಮುಡಿದು ಸಾಲಾಗಿ ಕೂತಿದ್ದವು. ಚಿತ್ರಲಿಂಗಪ್ಪ ಗ್ರೈಂಡರಿಗೆ ಕೈ ಹಾಕಿದ. ಬಾಯ್ಲರ್ ನೋಡಿಕೊಳ್ಳುವ ಏಕಾಂತಪ್ಪ ಆ ಕೈ ಹಿಡಿದ. ಬಬ್ಬೂರಿನವನು, ಲಿಂಗಪೂಜೆ ಮಾಡದೆ ನೀರು ಮುಟ್ಟದವನು, ಇವನಿಗೆ ಹದಿನೈದು ವರ್ಷದ ಗೆಳೆಯ.

"ಲೇ, ಪೂಜೆಗಿಟ್ಟದ್ದನ್ನ ಮುಟ್ತೀಯೇನಲೇ? ನಾಳೆ ಪೂಜೆ ಎತ್ತೋ ಗಂಟ ಸುಮ್ಕಿರು."

"ಕಿಡಿ ನೋಡ್ಬೇಕಲ್ಲ ಮಾರಾಯ. ಬೆಳಿಗ್ಗೆ ಕಂಟ್ರಾಕ್ಟಿನೋರು ಬಂದು ವೆಲ್ಡ್ ಮಾಡ್ತಾರೆ."

"ಬೆರಕೆ ಉಕ್ಕು ಅಂತ ಹಳದಿ ಪಟ್ಟಿ ಬಳ್ದೇ ಕಳಿಸವ್ರೆ, ಕಣ್ಣು ಕಾಣಲ್ವಾ? ಹಬ್ಬದ ದಿನ ಅಪಚಾರ ಬ್ಯಾಡ. ನಾಳೆ ಹಬೆ ಬಿಡೋನು ನಾನೇ ಅಲ್ವೇನು?"

ಆ ಕೊನೆಯ ಮಾತಿಗೆ ಚಿತ್ರಲಿಂಗಪ್ಪ ಸೋತ. ಬೆಳಿಗ್ಗೆ ಬೇಗ ಬಂದು ನೋಡಿದರಾಯಿತು, ಗುರುತಿಲ್ಲವೆಂದು ಕಂಟ್ರಾಕ್ಟಿನವರ ಕೆಲಸ ನಿಲ್ಲುವುದು ಬೇಡ ಎಂದುಕೊಂಡು, ನೋಡದೆಯೇ ಸೀಮೆಸುಣ್ಣದ ಗುರುತು ಎಳೆದ. ಬೆಳಿಗ್ಗೆ ಬರುವಷ್ಟರಲ್ಲಿ ಕಂಟ್ರಾಕ್ಟಿನವರು ಎಲ್ಬೋವನ್ನು ಮೂವತ್ತಡಿ ಮೇಲೆ ಕೂರಿಸಿ ಬೆಸೆದಾಗಿತ್ತು. ಏಣಿ ಹತ್ತಿ ಒಂದು ಸಲ ಗ್ರೈಂಡರ್ ತಾಗಿಸಿದ್ದರೆ ಮುಗಿದುಹೋಗುತ್ತಿತ್ತು. ಹತ್ತಲಿಲ್ಲ. ನೋಡದೆ ಗುರುತು ಹಾಕಿದ್ದೇನೆ ಎಂದು ಎಲ್ಲರ ಮುಂದೆ ಒಪ್ಪಿಕೊಳ್ಳಬೇಕಾಗುತ್ತಿತ್ತಲ್ಲ, ಅದಕ್ಕೆ. ಸುಳ್ಳು ಪಟ್ಟಿ ಬಳಿದು ಎಲ್ಬೋ ಮಾರಿದ ವ್ಯಾಪಾರಿಯ ಹೊಟ್ಟೆ ಉರಿಯಲಿ, ಆದರೆ ಇವನ ನಾಚಿಕೆಯೂ ಅಷ್ಟೇ ಕೆಲಸ ಮಾಡಿತು.

ಎಂಟು ತಿಂಗಳು ಏನೂ ಆಗಲಿಲ್ಲ. ಜೂನಿನ ಒಂದು ಮಧ್ಯಾಹ್ನ ಎಲ್ಬೋ ಸೀಳಿತು. ಕೆಳಗೆ ಮೀಟರ್ ನೋಡುತ್ತ ನಿಂತಿದ್ದವನು ಏಕಾಂತಪ್ಪ. ಅಯ್ಯೋ, ಆ ಮೈ ನೋಡಬಾರದಿತ್ತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಮೂರು ದಿನ ನರಳಿ ಜೀವ ಬಿಟ್ಟ. ಮೂರು ದಿನವೂ ಚಿತ್ರಲಿಂಗಪ್ಪ ಬಾಗಿಲ ಹೊರಗೆ ಕೂತಿದ್ದ. ಒಳಗೆ ಹೋಗಲು ಧೈರ್ಯ ಬರಲಿಲ್ಲ.

ಮ್ಯಾನೇಜರ್ ಎಂಬ ಮಹಾನುಭಾವ ಅಷ್ಟರಲ್ಲೇ ವರದಿ ಬರೆದಿಟ್ಟಿದ್ದ. ಒತ್ತಡ ಮಿತಿಮೀರಿ ಏರಿಸಿದ್ದು ಸತ್ತವನೇ, ತಪ್ಪು ಅವನದೇ! ಅದೇ ನಿಂತಿದ್ದರೆ ಏಕಾಂತಪ್ಪನ ಹೆಂಡತಿ ಸರ್ವಮಂಗಳಳಿಗೆ ಕಾರ್ಖಾನೆಯಲ್ಲಿ ಕೆಲಸವಿಲ್ಲ, ಪರಿಹಾರವಿಲ್ಲ, ಗಂಡನ ಹೆಸರಿಗೆ ಮಸಿ ಬೇರೆ. ತನಿಖೆಗೆ ಅಧಿಕಾರಿ ಬಂದ ದಿನ ಚಿತ್ರಲಿಂಗಪ್ಪ ಕರೆಯದೆಯೇ ಮುಂದೆ ಬಂದು ನಿಂತ. ಸೀಳಿದ ಎಲ್ಬೋದ ಚೂರನ್ನು ಗ್ರೈಂಡರಿಗೆ ಹಿಡಿದ.

"ನೋಡ್ರಿ ಸ್ವಾಮಿ, ಈಟಿ ಮೊನೆ ಇಲ್ಲ. ಇದು ಸಾದಾ ಉಕ್ಕು. ಏಕಾಂತಪ್ಪ ಸರಿಯಾಗೇ ನಡೆಸಿದ್ರೂ ಇದು ತಡೀತಿರಲಿಲ್ಲ."

"ಹಾಕುವ ಮುಂಚೆ ಯಾಕೆ ನೋಡಲಿಲ್ಲ?" ಎಂದರು ಅಧಿಕಾರಿ.

ಮ್ಯಾನೇಜರ್ ಕಿವಿ ನೆಟ್ಟಗೆ ಮಾಡಿ ಕೂತಿದ್ದ. ಏಕಾಂತಪ್ಪನೇ ಕೈ ಹಿಡಿದ ಎಂದರೆ ಸಾಕು, ಅಪವಾದ ಮತ್ತೆ ಸತ್ತವನ ತಲೆಗೇ. ಹೇಳಿದರೆ ಇವನ ಕೆಲಸ ಉಳಿಯುತ್ತಿತ್ತು, ಸುಳ್ಳೂ ಆಗುತ್ತಿರಲಿಲ್ಲ.

"ಸೋಮಾರಿತನ ಸ್ವಾಮಿ," ಎಂದ ಚಿತ್ರಲಿಂಗಪ್ಪ. "ಯಾರೂ ತಡೀಲಿಲ್ಲ. ನಾನೇ ನೋಡ್ಲಿಲ್ಲ."

ಕೆಲಸ ಹೋಯಿತು. ಸರ್ವಮಂಗಳಳಿಗೆ ಪರಿಹಾರ ಸಿಕ್ಕಿತು, ಕ್ಯಾಂಟೀನಿನಲ್ಲಿ ಕೆಲಸವೂ ಸಿಕ್ಕಿತು. ನಿಜ ಗೊತ್ತಿದ್ದದ್ದು ಇವನ ಹೆಂಡತಿ ಏಕನಾಥಮ್ಮನಿಗೆ ಮಾತ್ರ. ಅವಳು ಗೋಡೆಗೆ ತಲೆ ಕೊಟ್ಟು ಅತ್ತಳು. ಇವನು ಮಾತ್ರ ಒಂದು ಬಗೆಯ ಸಮಾಧಾನದಲ್ಲಿದ್ದ. ಗೆಳೆಯನ ಪಾಲಿನ ತಪ್ಪನ್ನೂ ತಾನು ಹೊತ್ತೆ, ಇಷ್ಟಾದರೂ ಮಾಡಿದೆನಲ್ಲ ಎಂದುಕೊಳ್ಳುತ್ತಿದ್ದ.

ಒಂದು ಭಾನುವಾರ ಸರ್ವಮಂಗಳ ಮನೆ ಬಾಗಿಲಿಗೇ ಬಂದಳು. ಕೂರು ಎಂದರೂ ಕೂರಲಿಲ್ಲ.

"ಅಣ್ಣ ಅಂತಿದ್ನಲ್ಲೋ ನಾನು ನಿನ್ನ! ನೋಡಾಕೆ ನಿಂಗೇನು ರೋಗ ಬಂದಿತ್ತು? ನನ್ ಗಂಡನ್ನ ತಿಂದುಬಿಟ್ಯಲ್ಲೋ!"

"ಅಂಗಲ್ಲ ಕಣಕ್ಕ, ಅವತ್ತು..." ಎನ್ನುತ್ತ ಏಕನಾಥಮ್ಮ ಮುಂದೆ ಬಂದಳು.

"ಒಳಿಕ್ಕೆ ಹೋಗೇ ನೀನು," ಎಂದು ಗದರಿದ ಚಿತ್ರಲಿಂಗಪ್ಪ.

ಸರ್ವಮಂಗಳಳ ದನಿ ಇಳಿಯಿತು. "ಹಬ್ಬದ ಮಾರನೇ ದಿನ ಅವನು ಕೆಲಸಕ್ಕೆ ಹೊಂಟಾಗ ನಂಗೆ ಭಯ ಆಗಿತ್ತು. ಹೊಸಾ ಪೈಪು, ಹುಷಾರು ಅಂದೆ. ನಕ್ಕುಬಿಟ್ಟ. 'ಬೆಳಿಗ್ಗೆ ಬಂದು ಕಿಡಿ ನೋಡ್ದೆ ಚಿತ್ರಲಿಂಗ ಬಿಡಾಕಿಲ್ಲ, ನಂಗ್ಯಾತರ ಭಯ' ಅಂದ. ಹಂಗೇ ಅಂದ್ಕೊಂಡೇ ಹೋದ ಕಣಣ್ಣ."

ಅವಳು ಹೋದ ಮೇಲೂ ಚಿತ್ರಲಿಂಗಪ್ಪ ಹೊಸಿಲ ಮೇಲೆ ಕೂತೇ ಇದ್ದ. ಏಕನಾಥಮ್ಮ ಬಂದು, "ಈಗ್ಲಾದ್ರೂ ನಿಜ ಹೇಳಾಣ, ಏಳ್ರಿ" ಎಂದಳು.

"ಯಾವ ನಿಜ?" ಎಂದ ಅವನು. "ಆವಮ್ಮ ಹೇಳಿದ್ದೇ ನಿಜ."