ವೈಶಾಖದಲ್ಲಿ ಹೀಟರ್ ಆರಿಸಲು ಹೋದದ್ದು

ಬೆಂಕಿಯನ್ನು ಪಳಗಿಸಿದಂದೇ ಮನುಷ್ಯ ನಾಗರಿಕನಾದ ಎಂದು ಬಲ್ಲವರು ಹೇಳುತ್ತಾರೆ. ಹಾಗೆ ಹೇಳಿದವರಾರೂ ವೈಶಾಖದ ವಿಜಾಪುರದಲ್ಲಿ, ಹೀಟರ್ ಹತ್ತಿದ ಮೋಟಾರಿನಲ್ಲಿ ಕುಳಿತವರಲ್ಲ. ನಾನು ಕುಳಿತಿದ್ದೇನೆ.

೧೯೭೪ರ ಮಾತು. ಗಾಂಧಿ ಚೌಕದಲ್ಲಿ, ಇಂಗ್ಲೆಂಡಿನಿಂದ ರಸ್ತೆಯ ಮೇಲೇ ಬಂದ ಒಂದು ಹಳೆಯ ಮನೆಗಾಡಿ ನಿಂತಿತ್ತು. ಒಳಗೆ ಹಾಸಿಗೆ, ಒಲೆ, ಪರದೆ ಎಲ್ಲ ಇದ್ದವು. ಯಜಮಾನ ಪೀಟರ್; ಹೆಂಡತಿ ಹೆಲೆನ್‌ಬಾಯಿ. ಇಂಜಿನ್ನಿನ ಬಿಸಿನೀರನ್ನು ಹೀಟರಿಗೆ ಬಿಡುವ ತೂಬು ತೆರೆದೇ ನಿಂತಿತ್ತು, ಮುಚ್ಚುವ ಗುಂಡಿ ತಿರುಗುತ್ತಿರಲಿಲ್ಲ. ಸಂಜೆಯೊಳಗೆ ಹೀಟರ್ ಆರದಿದ್ದರೆ ತಾವು ರೈಲು ಹತ್ತಿ ಮುಂಬಯಿಗೆ, ಅಲ್ಲಿಂದ ತವರಿಗೆ ಹೋಗುವುದಾಗಿ ಹೆಲೆನ್‌ಬಾಯಿ ಬಹಳ ಶಾಂತವಾಗಿ ಹೇಳಿದರು. ಚೌಕದ ಮಿಸ್ತ್ರಿಗಳು ಪೈಪನ್ನೇ ಕತ್ತರಿಸೋಣ ಎಂದರು. ಪೀಟರ್ ಒಪ್ಪಲಿಲ್ಲ, ಮರಳುವ ದಾರಿಯಲ್ಲಿ ತುರ್ಕಿಯ ಹಿಮದ ಬೆಟ್ಟಗಳಿದ್ದವು. ಇಂಗ್ಲಿಷ್ ಮಾಸ್ತರನಾದ ನಾನು ದುಭಾಷಿಯಾಗಿ ಗಾಡಿ ಹತ್ತಿದೆ.

ಇಂಥ ಕೆಲಸಕ್ಕೆ ಟಿಕೋಟಾದ ಮಿಸ್ತ್ರಿಯೇ ಸರಿ ಎಂದು ಚೌಕದವರು ಹೇಳಿದ್ದರು; ಅದು ಹನ್ನೆರಡು ಮೈಲಿ. ಕಿಟಕಿಯಿಂದ ಬಂದ ಬಿಸಿಗಾಳಿಯೇ ತಂಪೆನಿಸಿತು. ಪಂಪ್‌ಸೆಟ್ ರಿಪೇರಿಯ ದಸ್ತಗೀರಸಾಬರು ಗಾಡಿಯೊಳಗೆ ತಲೆ ಹಾಕಿ, ಕೂಡಲೇ ಹೊರಗೆ ತೆಗೆದರು.

"ಯಪ್ಪಾ! ಇವ್ರ ಊರಾಗ ಸೂರ್ಯಾ ಹುಟ್ಟಂಗಿಲ್ಲೇನ್ರಿ ಮಾಸ್ತರ?"

"ಹುಟ್ತಾನ್ರಿ, ಆದ್ರ ಭಾಳ ಕಡಿಮಿ."

"ಹಂಗಾದ್ರ ನಮ್ಮದರಾಗ ಅರ್ಧಾ ಒಯ್ಯಾಕ ಹೇಳ್ರಿ."

ಗುಂಡಿಯಿಂದ ತೂಬಿಗೆ ಹೋಗುವ ತಂತಿ ತನ್ನ ಕೊಳವೆಯೊಳಗೆ ತುಕ್ಕು ಹಿಡಿದಿತ್ತು. ಅವರು ಅದನ್ನು ಬಿಚ್ಚಿ ಬೇವಿನ ಟೊಂಗೆಗೆ ನೇತುಹಾಕಿ, ಮೇಲಿನಿಂದ ಸೀಮೆಎಣ್ಣೆಯನ್ನು ಹನಿಹನಿಯಾಗಿ ಬಿಟ್ಟರು. ನಾವು ಎರಡು ಸಲ ಚಹಾ ಕುಡಿಯುವಷ್ಟರಲ್ಲಿ ಕೆಳಗೆ ಕೆಂಪು ಹನಿ ಇಳಿದು ತಂತಿ ಸರಿದಾಡಿತು. ಹೀಟರ್ ಆರಿತು.

"ಚಿಮಣಿ ಎಣ್ಣಿ ಹಾರಿ ಹೋಗ್ತದ್ರಿ. ಮಷೀನ್ ಎಣ್ಣಿ ನನ್ನ ಕಡೆ ತೀರ್ಯದ, ಅದನ್ನ ಹಾಕೂತನಕಾ ಗುಂಡಿ ಮುಟ್ಟಬ್ಯಾಡ್ರಿ" ಎಂದರು.

ಅಲ್ಲಿಂದ ಊಟಕ್ಕೆ ಬಬಲೇಶ್ವರಕ್ಕೆ ಹೋದೆವು. ನನ್ನ ತಂಗಿ ಗಂಗವ್ವನ ಮನೆಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಊಟವಾದ ಮೇಲೆ ಪೀಟರ್ ಅವಳಿಗೆ ಗುಂಡಿಯ ಮಹಿಮೆ ತೋರಿಸಲೆಂದು ಹೀಟರ್ ಹತ್ತಿಸಿದ. ಮತ್ತೆ ಆರಲಿಲ್ಲ. ಹೆಲೆನ್‌ಬಾಯಿ ತಮ್ಮ ಪೆಟ್ಟಿಗೆ ಕೆಳಗಿಳಿಸಿದರು. ಆ ಉರಿಬಿಸಿಲಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು. ನಾನು ಗಂಗವ್ವನಿಗೆ ಕುಸುಬಿ ಎಣ್ಣೆ ತರಹೇಳಿದೆ.

"ಅಡಗಿ ಎಣ್ಣಿ ಯಂತ್ರಕ್ಕ ಹಾಕ್ತಾರೇನೋ ಅಣ್ಣಾ? ಬಾಟ್ಲಿ ಬಾಯಿ ನೋಡು, ಹೆಂಗ ಅಂಟಂಟ ಆಗ್ಯದ."

"ನೀ ಒಗ್ಗರಣಿ ನೋಡವ್ವಾ. ಯಂತ್ರ ನನಗ ಬಿಡು."

ಅಲ್ಲಿಯವರೆಗೆ ನಾನು ಬಿಚ್ಚಿದ ಯಂತ್ರವೆಂದರೆ ಫೌಂಟನ್ ಪೆನ್ ಒಂದೇ. ತಂತಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ ಎಣ್ಣೆ ಬಿಟ್ಟೆ. ಮತ್ತೆ ಜೋಡಿಸಿದಾಗ ಗುಂಡಿ ಸಲೀಸಾಗಿ ತಿರುಗಿತು. ಪೆಟ್ಟಿಗೆ ಪುನಃ ಗಾಡಿಗೇರಿತು. ಸಂಜೆ ನನ್ನನ್ನು ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಇಳಿಸಿ ಗಂಡಹೆಂಡಿರು ಸೊಲ್ಲಾಪುರದ ದಾರಿ ಹಿಡಿದರು.

ಡಿಸೆಂಬರಿನಲ್ಲಿ ಹೆಲೆನ್‌ಬಾಯಿಯವರ ಕಾಗದ ಬಂತು. ಕುಸುಬಿ ಎಣ್ಣೆ ಒಣಗಿ ತಂತಿಯನ್ನು ಅರಗಿನಂತೆ ಹಿಡಿದುಬಿಟ್ಟಿತ್ತು. ತುರ್ಕಿಯಲ್ಲಿ ಹೀಟರ್ ಹತ್ತಲಿಲ್ಲ. ಇಬ್ಬರೂ ಒಂದೇ ಕಂಬಳಿ ಹೊದ್ದು ಬೆಟ್ಟ ದಾಟಿದರು.